ಇನಿಷಿಯಲ್ ಬದಲಾದ ರಾಮಾನುಜನ್
(ಶಿಕಾಗೊ ಮತ್ತು ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡ ಓದುಗರು ಒಟ್ಟಾಗಿ ಸೇರಿದಾಗ ಆಡಿದ ಮಾತುಗಳ ಬರಹರೂಪ)

ನೇಪರ್‌ವಿಲ್‌ನವರಿಗೂ ಟ್ರಾಯ್‌ನವರಿಗೂ ಈ ಕಲಮಜೂ ಸುಮಾರು ನಡುದಾರಿ. ಶಿಕಾಗೊ ಕಡೆಯವರು ಬರುವ ದಾರಿಯಲ್ಲೇ ಗಡಿಯಾರದ ಒಂದು ಗಂಟೆ ಕಳೆದುಕೊಂಡಿದ್ದೀರಿ. ಹಾಗಾಗಿ ಪೀಠಿಕೆ ಬೇಡ.

ಇವತ್ತಿನ ಎರಡು ಪುಸ್ತಕಗಳೂ ಸಣ್ಣವು. ಎರಡರಲ್ಲೂ ಕಥೆ ಹೇಳುವವನು 'ನಾನು'. ಈ 'ನಾನು'ವನ್ನು ಎಷ್ಟು ನಂಬಬೇಕು ಅನ್ನುವುದೇ ನಮ್ಮ ಜಗಳ.

ಮೊದಲನೆಯದು 1978ರಲ್ಲಿ ಬಂದ 'ಮತ್ತೊಬ್ಬನ ಆತ್ಮಚರಿತ್ರೆ'. ಬರೆದ ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವ ತನಕ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದವರು. ವಚನಗಳನ್ನೂ 'ಸಂಸ್ಕಾರ'ವನ್ನೂ ಇಂಗ್ಲಿಷಿಗೆ ತಂದವರೆಂದು ಎಲ್ಲರಿಗೂ ಗೊತ್ತು. ನಮ್ಮ ಮನೆಗಳಿಂದ ಅರ್ಧ-ಮುಕ್ಕಾಲು ಗಂಟೆ ದೂರದಲ್ಲಿ ಬಾಳಿದ ಈ ಮೈಸೂರಿನವರು ಕನ್ನಡದಲ್ಲಿ ಕಾದಂಬರಿಯನ್ನೂ ಬರೆದಿದ್ದರೆಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ಉತ್ಸಾಹದಲ್ಲಿ ಒಂದಂಶ ಇಂಥ ಪುಸ್ತಕಗಳಿಗೂ ಸಿಗಬೇಕು.

ಹೆಸರಿನಲ್ಲೇ ತಮಾಷೆ ಇದೆ. ಆತ್ಮಚರಿತ್ರೆ ಮತ್ತೊಬ್ಬನದು ಹೇಗಾದೀತು? ಕಥೆ ಹೇಳುವವನು ಕೆ.ಕೆ. ರಾಮಾನುಜನ್. ಅವನ ಕಥೆಯೊಳಗೇ ಎ.ಕೆ. ರಾಮಾನುಜನ್ ಕೂಡ ಬರುತ್ತಾರೆ! ಬರೆದವರು ಯಾರು, ಬರೆಸಿಕೊಂಡವರು ಯಾರು? ವಿಮರ್ಶಕರು ಇದಕ್ಕೆ 'ಮೆಟಾಫಿಕ್ಷನ್' ಅನ್ನಬಹುದು. ನಮಗೆ ಇದು ದಿನಬೆಳಗಾದರೆ ಅನುಭವ. ವೀಸಾ ಅರ್ಜಿಯಲ್ಲಿ ಅಪ್ಪನ ಹೆಸರು 'ಲಾಸ್ಟ್ ನೇಮ್' ಆಗಿ, ಆಫೀಸಿನಲ್ಲಿ ಅಪ್ಪನ ಹೆಸರಿಗೆ ಓಗೊಡುವವರು ಈ ಕೋಣೆಯಲ್ಲೇ ಹತ್ತು ಜನ ಇದ್ದೀರಿ.

ಇದೆಲ್ಲ ಪಾಶ್ಚಾತ್ಯರಿಂದ ತಂದ ಆಟ ಎಂದು ಹೋದ ಸಲ ಆಕ್ಷೇಪ ಬಂತು. ನಾನು ಒಪ್ಪುವುದಿಲ್ಲ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ ನೋಡಿ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಳು. ಅವಳ ಹೊಟ್ಟೆಯಲ್ಲಿ ಉಸಿರುಗಟ್ಟಿದ ಅವೆರಡೂ ಹೊರಬಿದ್ದು, ಒಂದು ಗಂಡಸಿನ ಜೋಡಾಗಿ, ಒಂದು ಕೋಟಾಗಿ ಮನೆಯಲ್ಲೇ ಕೂರುತ್ತವೆ. ಗಂಡನಿಗೆ ಅನುಮಾನ, ಮನೆಯಲ್ಲಿ ರಂಪ. ಕಥೆಯ ಬಗ್ಗೆಯೇ ಕಥೆ ಕಟ್ಟಿದವರು ನಮ್ಮ ಅಜ್ಜಿಯಂದಿರು. ಯಾವ ಸಿದ್ಧಾಂತವನ್ನೂ ಓದಿದವರಲ್ಲ. 1987-88ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಗಿರೀಶ ಕಾರ್ನಾಡರು ರಾಮಾನುಜನ್ ಹೇಳಿದ ಇಂಥ ಕಥೆಗಳಿಂದಲೇ 'ನಾಗಮಂಡಲ' ಕಟ್ಟಿದರು. ಅದರ ಮೊದಲಲ್ಲೇ ಕೂರುವವನು ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆ ತಳ್ಳಿದ ಪಾಪಕ್ಕೆ ಸಾವಿನ ಶಾಪ ಹೊತ್ತ ನಾಟಕಕಾರ! (ಕನ್ನಡ ಕೂಟಗಳ ಭಾಷಣಕಾರರು, ನಾನೂ ಸೇರಿ, ಇದನ್ನು ಗಮನಿಸುವುದು ಒಳ್ಳೆಯದು.)

ಎರಡನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದ ಅಮೆರಿಕದಲ್ಲಿ 2017ರಲ್ಲಿ ಬಂದ ಮೇಲೆ ನಮ್ಮ ಮಕ್ಕಳೂ ಓದಿದರು, ಕೆಲವರು ನಮಗಿಂತ ಮೊದಲೇ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಮನೆ. ಹೆಸರಿಲ್ಲದ ಮಗ ಕಾಫಿ ಹೌಸಿನಲ್ಲಿ ಕೂತು ಹೇಳುತ್ತಾನೆ. ಸುಳ್ಳು ಹೇಳುವುದಿಲ್ಲ, ಅದೇ ಭಯಂಕರ. ಎಲ್ಲವನ್ನೂ ಹೇಳಿ, ಹೇಳಬೇಕಾದ ಒಂದನ್ನು ಮಾತ್ರ ಬಿಡುತ್ತಾನೆ. ಕೊನೆಗೆ ಅವನ ಹೆಂಡತಿ ಅನಿತಾಗೆ ಏನಾಯಿತು? 'ಏನೂ ಆಗಿಲ್ಲ' ಎಂದು ನಮ್ಮಲ್ಲಿ ಅರ್ಧ ಜನ, 'ಮುಗಿಸಿಬಿಟ್ಟರು' ಎಂದು ಇನ್ನರ್ಧ. ನಾನು ಎರಡನೆಯ ಪಕ್ಷ. ಮನೆಮಂದಿ ಹರಟೆಯಲ್ಲಿ ಕೊಲೆಯ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಇಂಥ ನಿರೂಪಕರನ್ನು ಇಲ್ಲಿ ಕೂತು ಓದಲು ನನಗೆ ಒಂದು ಕಾರಣವಿದೆ. ನಾವು ಮಕ್ಕಳಿಗೆ ಊರಿನ ಕಥೆ ಹೇಳುತ್ತೇವೆ. ಅದರಲ್ಲಿ ಅಂಗಳದ ಬಾವಿ ಬರುತ್ತದೆ, ಅಜ್ಜಿಯ ಮಜ್ಜಿಗೆಹುಳಿ ಬರುತ್ತದೆ. ಕೆಲಸದವಳನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ, ಮೇಲಿಂದ ನೀರು ಹೊಯ್ದದ್ದು ಬರುವುದಿಲ್ಲ. ಹೇಳಿದ್ದೆಲ್ಲ ನಿಜವೇ. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಪರೀಕ್ಷಿಸಲು ಬೇರೆ ಸಾಕ್ಷಿ ಇಲ್ಲ, ಅವರ ಕನ್ನಡನಾಡು ನಮ್ಮ ಬಾಯಲ್ಲಿದೆ. ಹೋದ ಚರ್ಚೆಯಲ್ಲಿ ಹೈಸ್ಕೂಲಿನ ಹುಡುಗಿಯೊಬ್ಬಳು "ಈ ನಿರೂಪಕ ನಮ್ಮ ಅಂಕಲ್‌ಗಳ ಥರ ಮಾತಾಡ್ತಾನೆ" ಅಂದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ಈಗ ಚರ್ಚೆ. ಲಿಪಿ ಬಾರದವರಿಗಾಗಿ ಗಟ್ಟಿಯಾಗಿ ಓದೋಣ. ಚಿಕ್ಕಪ್ಪನಿಗೆಂದು ಅಡುಗೆ ಮಾಡಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುವ ಭಾಗ ತೆಗೆಯಿರಿ. ಆ ಹೊತ್ತು ನಮ್ಮ ನಿರೂಪಕ ಎಲ್ಲಿ ನಿಂತಿದ್ದ, ಏನು ಮಾಡಿದ?