ಮದುವೆ ಬ್ಯಾಂಡಿನಿಂದ ಹಾರ್ಡ್ ಬಾಪ್‌ವರೆಗೆ: ಟ್ರಂಪೆಟ್ ನಡೆದ ದಾರಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಸಿನಿಮಾ ಹಾಡು ಊದುವಾಗ ಟ್ರಂಪೆಟ್ಟನ್ನು ಹತ್ತಿರದಿಂದ ನೋಡಿ. ಇರೋದು ಮೂರೇ ಗುಂಡಿ. ಒತ್ತುವ ಬಗೆ ಎಂಟೇ. ಉಳಿದದ್ದೆಲ್ಲ ತುಟಿಯ ಬಿಗಿ, ಉಸಿರಿನ ಬಲ.

ಈ ಗುಂಡಿಗಳು ಬಂದದ್ದು 1810ರ ದಶಕದಲ್ಲಿ, ಜರ್ಮನಿಯಲ್ಲಿ. ಅದಕ್ಕೂ ಮುಂಚೆ ಸೇನೆಯ ಕಹಳೆಯಲ್ಲಿ ಹೊರಡುತ್ತಿದ್ದದ್ದು ಕೆಲವೇ ಸ್ವರ. ಗುಂಡಿ ಬಂದ ಮೇಲೆ ಇಡೀ ಹಾಡೇ ಬಂತು. ಹಿತ್ತಾಳೆ ವಾದ್ಯಗಳ ಬ್ಯಾಂಡನ್ನು ನಮ್ಮ ದೇಶಕ್ಕೆ ತಂದದ್ದು ಬ್ರಿಟಿಷರ ದಂಡು. ಬೆಳಗಾವಿಯೂ ಅಂಥದೊಂದು ದಂಡಿನ ಊರು. ಅತ್ತ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ಕಲಾವಿದರು ಇವೇ ವಾದ್ಯ ಹಿಡಿದು ಮೆರವಣಿಗೆಗೂ ಶವಯಾತ್ರೆಗೂ ನುಡಿಸಿದರು. ಜಾಝ್ ಬೆಳೆದದ್ದು ಅಲ್ಲಿ.

ಆ ಜಾಝ್ ನಮ್ಮ ಕಿವಿಗೆ ಬಿದ್ದದ್ದು ಗೋವಾ, ಮುಂಬೈ ಸುತ್ತಿಕೊಂಡು. ಗೋವಾದ ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಹುಡುಗರು ಮುಂಬೈ ಸೇರಿದರು. ಅಲ್ದೋನಾದ ಆಂಟೋನಿಯೊ ಝೇವಿಯರ್ ವಾಝ್ ಅವರಲ್ಲೊಬ್ಬರು. ಜನ ಕರೆದದ್ದು 'ಚಿಕ್ ಚಾಕೊಲೇಟ್' ಅಂತ. ತಾಜ್ ಹೋಟೆಲಿನಲ್ಲಿ ಜಾಝ್ ನುಡಿಸಿದರು, ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಸಿನಿಮಾ ಹಾಡುಗಳಿಗೂ ಟ್ರಂಪೆಟ್ ಊದಿದರು. 1951ರ 'ಅಲ್‌ಬೇಲಾ' ಚಿತ್ರದಲ್ಲಿ ತಂಡದ ಸಮೇತ ತೆರೆಯ ಮೇಲೂ ಕಾಣಿಸಿಕೊಂಡರು.

ಅದೇ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹಾರ್ಡ್ ಬಾಪ್ ಎಂಬ ಜಾಝ್ ಶೈಲಿ ಹುಟ್ಟಿತು. ಅದಕ್ಕೂ ಹಿಂದಿನ ಜಾಝ್ ಶೈಲಿಯಾದ ಬೀಬಾಪ್‌ನ ವೇಗಕ್ಕೆ ಬ್ಲೂಸ್‌ನ ನೋವು, ಚರ್ಚಿನ ಹಾಡಿನ ಕಾವು ಸೇರಿತು. ಮೊದಲು ಎಲ್ಲರೂ ಕೂಡಿ ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ಬೆಳೆಸುತ್ತಾರೆ. ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ' ಆಟ ನೋಡಿದವರಿಗೆ ಇದು ಹೊಸದಲ್ಲ. ಹಾಡು ತಮ್ಮಣ್ಣನದೇ, ಆದರೆ ಭಾಗವತ-ದೂತಿಯರ ಮಾತು ಆ ರಾತ್ರಿಯೇ, ಆ ಅಟ್ಟದ ಮೇಲೆಯೇ ಹುಟ್ಟಿದ್ದು.

ಇನ್ನು ಹಾರ್ಡ್ ಬಾಪ್‌ನಲ್ಲಿ ನಡೆದ ಪ್ರಯೋಗ. 1961ರಲ್ಲಿ ಟ್ರಂಪೆಟ್ ವಾದಕ ಬುಕರ್ ಲಿಟಲ್ 'ಔಟ್ ಫ್ರಂಟ್' ಎಂಬ ಆಲ್ಬಮ್ ಮಾಡಿದರು. ಜೊತೆಗೆ ಸ್ಯಾಕ್ಸೊಫೋನ್‌ಗೆ ಎರಿಕ್ ಡಾಲ್ಫಿ, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್. ಕಿವಿಗೆ ಕಟುವೆನಿಸುವ ಸ್ವರಗಳನ್ನು ಲಿಟಲ್ ಬೇಕೆಂದೇ ಒಟ್ಟಿಗೆ ನುಡಿಸಿದರು, ಅಪಸ್ವರವೆಂದು ದೂರವಿಡಲಿಲ್ಲ. ದುಃಖ ತೋರಿಸಲು ಅವರಿಗೆ ಆ ಕಟುವೇ ಬೇಕಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ವಯಸ್ಸು 23.

ಇಡೀ ಆಲ್ಬಮ್ ಒಮ್ಮೆಗೇ ಬೇಡ. 'ಮೂಡ್ಸ್ ಇನ್ ಫ್ರೀ ಟೈಮ್' ಒಂದನ್ನೇ ಹಾಕಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ. ಎಣಿಕೆ ಮೂರಿದ್ದದ್ದು ನಾಲ್ಕಾಗುತ್ತದೆ, ಐದಾಗುತ್ತದೆ, ಆರಾಗುತ್ತದೆ. ಕೈ ಎಲ್ಲಿ ತಪ್ಪಿತೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿ.