ಕೃಷ್ಣೆಯ ನೆರೆಗೆ ಆಲಮಟ್ಟಿ ಕಾರಣವೇ?

(ಯುವಕರ ಶಿಬಿರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ನೀರಿನ ಪ್ರಶ್ನೆ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಕಾವೇರಿ. ನಮ್ಮ ನಲ್ಲಿಯಲ್ಲಿ ಬರುವ ನೀರು ಅವಳದು. ಅವಳಿಗಾಗಿ ಬೀದಿಗಿಳಿಯುತ್ತೇವೆ, ಇಳಿಯಬೇಕಾದದ್ದೇ. ಆದರೆ ನಾಡಿನ ಇನ್ನೊಂದು ತುದಿಯಲ್ಲಿ ಕೃಷ್ಣೆಯೂ ಇದ್ದಾಳೆ. ಅವಳ ಹೆಸರು ನಮ್ಮ ಘೋಷಣೆಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆ? ಚಿಕ್ಕೋಡಿ, ಅಥಣಿ, ಜಮಖಂಡಿಯ ಜನ ಬೇಸಗೆಯಲ್ಲಿ 'ಕೊಯ್ನಾದಿಂದ ನೀರು ಬಿಡಿ' ಎಂದು ಮಹಾರಾಷ್ಟ್ರವನ್ನು ಕೇಳಬೇಕು. ಮಳೆಗಾಲದಲ್ಲಿ ಅದೇ ದಿಕ್ಕಿನಿಂದ ಬರುವ ನೀರಿಗೆ ಹೆದರಿ ದನಕರು ಹೊಡೆದುಕೊಂಡು ಮನೆ ಬಿಡಬೇಕು!

ಇದು ಸಾಲದೆಂಬಂತೆ ನಮ್ಮ ಮೇಲೆ ಒಂದು ಆರೋಪ. ಸಾಂಗ್ಲಿ, ಕೊಲ್ಹಾಪುರ ಮುಳುಗುವುದು ಆಲಮಟ್ಟಿಯ ಹಿನ್ನೀರಿನಿಂದ ಎಂಬ ಕೂಗು 2005ರ ನೆರೆಯಲ್ಲಿ ಎದ್ದಿತು, 2019ರ ಆಗಸ್ಟ್ ನೆರೆಯ ನಂತರ ಜೋರಾಯಿತು. 2025ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರು ಅಣೆಕಟ್ಟೆಯ ಎತ್ತರ ಹೆಚ್ಚಿಸಬೇಡಿ ಎಂದು ನಮ್ಮ ಮುಖ್ಯಮಂತ್ರಿಗೆ ಪತ್ರ ಬರೆದರು.

ಕೂಗಿಗೆ ಕೂಗು ಉತ್ತರವಲ್ಲ. ಲೆಕ್ಕ ಹಾಕೋಣ.

ದಿನವಿಡೀ ಸುಮಾರು 11,574 ಕ್ಯೂಸೆಕ್ಸ್ ಹರಿದರೆ ಒಂದು ಟಿಎಂಸಿ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸ್‌ಗೂ ಮೀರಿ ನೀರು ಬಿಡಲಾಯಿತು. 5 ಲಕ್ಷವೆಂದರೆ ದಿನಕ್ಕೆ 43 ಟಿಎಂಸಿ. 519.60 ಮೀಟರ್ ಮಟ್ಟದಲ್ಲಿ ಆಲಮಟ್ಟಿ ಹಿಡಿಯುವುದು ಸುಮಾರು 123 ಟಿಎಂಸಿ. ಅಂದರೆ ಜಲಾಶಯ ಪೂರ್ತಿ ಬರಿದಾಗಿದ್ದರೂ ಅಂಥ ನೆರೆ ಮೂರೇ ದಿನದಲ್ಲಿ ಅದನ್ನು ತುಂಬಿಬಿಡುತ್ತದೆ! ಈ ನೀರು ಹುಟ್ಟಿದ್ದು ಆಲಮಟ್ಟಿಯಲ್ಲಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆ ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾಗಳಲ್ಲಿ ಒಟ್ಟಿಗೆ ಇಳಿದು ಬಂದದ್ದು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೇರೆ ಸಮಿತಿ 2020ರ ವರದಿಯಲ್ಲಿ ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಈ ಮಾತು ನಾವು ಹೇಳಿದ್ದಲ್ಲ, ಅವರದೇ ಸಮಿತಿ ಹೇಳಿದ್ದು!

ಹಾಗೆಂದು ಸಾಂಗ್ಲಿಯ ಬಡವನ ಮೇಲೆ ನಮಗೆ ಸಿಟ್ಟು ಬೇಡ. ಅಲ್ಲಿ ಮುಳುಗಿದವನೂ ನಮ್ಮ ಅಥಣಿಯವನಂಥ ರೈತನೇ.

ಅಣೆಕಟ್ಟೆಗೆ ಇಬ್ಬರು ಯಜಮಾನರು. ಬೇಸಾಯಕ್ಕೆ ಜಲಾಶಯ ತುಂಬಿರಬೇಕು, ನೆರೆ ತಡೆಯಲು ಅದರಲ್ಲಿ ಜಾಗ ಖಾಲಿ ಇರಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ನೆನಪಿಸಿಕೊಳ್ಳಿ. ಮುಂಗಾರಿನ ಕೊನೆಯಲ್ಲಿ ಕುಂಭದ್ರೋಣ ಮಳೆ ಸುರಿಯಿತು. ಉತ್ತರ ಕರ್ನಾಟಕದ ಊರೂರು ಕೊಚ್ಚಿಹೋದವು, ಮಂತ್ರಾಲಯ, ಕರ್ನೂಲು ಮುಳುಗಿದವು. ಅಂಥ ಹೊತ್ತಿಗೆ ಮೇಲಿನ ಜಲಾಶಯದಲ್ಲಿ ಎಷ್ಟಿದೆ, ಎಷ್ಟು ಬಿಡುತ್ತಾರೆ ಎಂಬುದು ಕೆಳಗಿನವರಿಗೆ ಗಂಟೆ ಗಂಟೆಗೂ ತಿಳಿಯಬೇಕು. ಎರಡು ರಾಜ್ಯಗಳ ಎಂಜಿನಿಯರುಗಳು ಫೋನಿನಲ್ಲಿ ಮಾತಾಡಿದರೆ ಉಳಿಯುವ ಜೀವಗಳು, ಎರಡು ರಾಜ್ಯಗಳ ಮಂತ್ರಿಗಳು ಪತ್ರಿಕೆಗಳಲ್ಲಿ ಜಗಳವಾಡಿದರೆ ಉಳಿಯುವುದಿಲ್ಲ.

ಇನ್ನು ನಮ್ಮ ಪಾಲಿನ ಮಾತು. ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲಿಟ್ಟದ್ದು 1964ರಲ್ಲಿ. ಬಚಾವತ್ ನ್ಯಾಯಾಧಿಕರಣ ನಮಗೆ 700 ಟಿಎಂಸಿ ಕೊಟ್ಟಿತು. ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಲ್ಲಿ 524.256 ಮೀಟರ್ ಎತ್ತರಕ್ಕೆ ಒಪ್ಪಿತು. ಆ ತೀರ್ಪಿನ ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ಈ ಹಕ್ಕನ್ನು ಬಿಡಕೂಡದು. ಆದರೆ ಹಳೆಯ ಬಾಗಲಕೋಟೆಯ ಓಣಿಗಳು ನೀರಿಗೆ ಹೋದದ್ದನ್ನೂ ಮರೆಯಕೂಡದು. ಎತ್ತರ ಏರಿದರೆ ಇನ್ನೂ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ಆ ಹಣ ರೈತನ ಕೈ ಸೇರುವವರೆಗೂ ಕಾವಲಿರಬೇಕಾದವರು ಯಾರು? ನೀವು!

ಕೊನೆಯದಾಗಿ ಒಂದು ಮಾತು. '5 ಲಕ್ಷ ಕ್ಯೂಸೆಕ್ಸ್' ಎಂದರೆ ನದಿದಂಡೆಯ ಅಜ್ಜಿಗೆ ಏನು ತಿಳಿಯುತ್ತದೆ? 'ನಾಳೆ ಬೆಳಗಾಗುವುದರೊಳಗೆ ನೀರು ನಿಮ್ಮ ಗುಡಿಯ ಮೆಟ್ಟಿಲಿಗೆ ಬರುತ್ತದೆ, ಇವತ್ತೇ ಏಳಿ' ಎಂದು ಅವಳ ಕನ್ನಡದಲ್ಲಿ ಡಂಗುರ ಸಾರಬೇಕು. ಕನ್ನಡ ಬೇಕು ಎಂದು ನಾವು ಕೇಳುವುದು ಬರೀ ನಾಮಫಲಕಕ್ಕಲ್ಲ. ಜೀವ ಉಳಿಸುವ ಮಾತೂ ಕನ್ನಡದಲ್ಲೇ ಬರಬೇಕು.

ಮಂಡ್ಯದ ರೈತನಿಗಾಗಿ ಎತ್ತಿದ ದನಿಯನ್ನು ಜಮಖಂಡಿಯ ರೈತನಿಗಾಗಿಯೂ ಎತ್ತಿ. ಆಗಲೇ ಕರ್ನಾಟಕ ಒಂದು.