ಚಿನ್ನದ ಕ್ರಾನೊಗ್ರಾಫ್ ಕೈಗಡಿಯಾರಗಳು



ಇಂದು ನಾವು ಮಾತನಾಡಬೇಕೆಂದಿರುವುದು ಚಿನ್ನದ ಕ್ರಾನೊಗ್ರಾಫ್ ಕೈಗಡಿಯಾರಗಳ ಸಂಗ್ರಹವನ್ನು ಕುರಿತು. ರೇಷ್ಮೆ, ಅರಿಸಿನಗಳ ಸೀಮೆಯಾದ ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ಈ ವಿಷಯವೆಲ್ಲಿಂದ ಬಂದಿತೆಂದು ತಾವು ಕೇಳಬಹುದು. ನಮ್ಮ ಮನೆಯ ಪೆಟ್ಟಿಗೆಯಿಂದಲೇ ಬಂದಿತು.

ಕ್ರಾನೊಗ್ರಾಫ್ ಎಂದರೆ ಕಾಲವನ್ನು ಬರೆಯುವುದು. 1821ರಲ್ಲಿ ಪ್ಯಾರಿಸಿನಲ್ಲಿ ನಿಕೋಲಾಸ್ ರಿಯುಸೆಕ್ ಎಂಬಾತನು ಕುದುರೆಯ ಪಂದ್ಯಕ್ಕೆಂದು ಬಳಸಿದ ಯಂತ್ರವು ನಿಜವಾಗಿಯೂ ಶಾಯಿಯ ಚುಕ್ಕೆಯನ್ನಿಡುತ್ತಿದ್ದಿತು. ಕೈಗಡಿಯಾರದಲ್ಲಿ ಶಾಯಿಯಿಲ್ಲ, ಹೆಸರು ಮಾತ್ರ ಉಳಿದಿದೆ. ಪಕ್ಕದ ಗುಂಡಿಯನ್ನೊತ್ತಿದರೆ ನಡುವಣ ಉದ್ದನೆಯ ಮುಳ್ಳು ಹೊರಡುವುದು, ಮತ್ತೆ ಒತ್ತಿದರೆ ನಿಲ್ಲುವುದು. ವೇಳೆ ತೋರಿಸುವ ಕೆಲಸಕ್ಕೆ ಇದರಿಂದ ಅಡ್ಡಿಯಿಲ್ಲ. ಹಳೆಯ ಯಂತ್ರಗಳು ಬಹುಮಟ್ಟಿಗೆ ಗಂಟೆಗೆ 18,000 ಬಡಿತಗಳವು. ಆದುದರಿಂದ ಸೆಕೆಂಡಿನ ಐದನೆಯ ಒಂದು ಭಾಗದವರೆಗೆ ಅಳೆಯಬಲ್ಲವು. ಕೆಲವುಗಳ ಅಂಚಿನಲ್ಲಿ ದೂರವನ್ನಳೆಯುವ ಗೀಟುಗಳಿರುತ್ತವೆ. ಗುಂಡ್ಲುಪೇಟೆಯ ಬಯಲಿನಲ್ಲಿ ನಿಂತು, ಗೋಪಾಲಸ್ವಾಮಿ ಬೆಟ್ಟದ ಕಡೆ ಮಿಂಚಿದೊಡನೆ ಗುಂಡಿಯನ್ನೊತ್ತಿ, ಗುಡುಗು ಕೇಳಿದಾಗ ನಿಲ್ಲಿಸಿರಿ. ಹದಿನೈದು ಸೆಕೆಂಡುಗಳಾದರೆ ಮಿಂಚು ಸುಮಾರು ಐದು ಕಿಲೋಮೀಟರು ದೂರದಲ್ಲಿದೆ.

ನಮ್ಮ ದೊಡ್ಡಪ್ಪನವರು ಚಾಮರಾಜನಗರದ ರೇಷ್ಮೆ ವ್ಯಾಪಾರಿಗಳು. ಅವರ ಕಾಲಾನಂತರ ದೊರೆತ ಇಂತಹ ಗಡಿಯಾರವೊಂದನ್ನು ನಾವು ಒಂದು ಚಿನ್ನದಂಗಡಿಗೆ ಒಯ್ದೆವು. ಅಂಗಡಿಯವರು ಒಳಗಿನ ಯಂತ್ರವನ್ನು ಕಿತ್ತು ಕಾಗದದಲ್ಲಿ ಸುತ್ತಿ ನಮ್ಮ ಕೈಗಿತ್ತು, ಬರಿಯ ಕವಚವನ್ನು ತಕ್ಕಡಿಗೆ ಹಾಕಿದರು. ಕವಚವು ಎಷ್ಟು ತೆಳುವೆಂಬುದು ಆಗ ತಿಳಿಯಿತು. ಬಂದಷ್ಟು ಹಣವನ್ನು ತೆಗೆದುಕೊಂಡು ಮನೆಗೆ ಬಂದೆವು. ಎಷ್ಟೋ ವರ್ಷಗಳ ಮೇಲೆ ಗಡಿಯಾರ ರಿಪೇರಿಯವರೊಬ್ಬರು ಆ ಕಾಗದವನ್ನು ಬಿಡಿಸಿ, ಭೂತಕನ್ನಡಿಯಲ್ಲಿ ನೋಡಿ, ಕೋಟೆಯ ಬುರುಜಿನಂತಿದ್ದ ಪುಟ್ಟದೊಂದು ಸ್ತಂಭಚಕ್ರವನ್ನು ನಮಗೂ ತೋರಿಸಿದರು. ಗುಂಡಿಯ ಅಪ್ಪಣೆಯನ್ನು ಸನ್ನೆಗೋಲುಗಳಿಗೆ ಮುಟ್ಟಿಸುವುದು ಅದೇ. ಅಗ್ಗದ ಯಂತ್ರಗಳಲ್ಲಿ ಅದರ ಸ್ಥಾನದಲ್ಲಿ ಸಾದಾ ತಗಡಿನ ತುಂಡಿರುವುದು. “ಇದರ ಮನೆಯೆಲ್ಲಿ?” ಎಂದು ಕೇಳಿದರು. ಕರಗಿಸಿದ್ದೆವು.

ಚಿನ್ನವು ಇಲ್ಲಿ ಮೋಸಗೊಳಿಸುವುದು ಎರಡು ಬಗೆಯಾಗಿ. ತಯಾರಕನ ಹೆಸರಿಲ್ಲದೆ ‘ಕ್ರಾನೊಗ್ರಾಫ್ ಸ್ವಿಸ್’ ಎಂದಷ್ಟೇ ಬರೆದ, ಹದಿನೆಂಟು ಕ್ಯಾರೆಟ್ಟಿನ ತೆಳುಕವಚದ ಗಡಿಯಾರಗಳು ಕಳೆದ ಶತಮಾನದ ನಡುವೆ ಯಥೇಚ್ಛವಾಗಿ ಮಾರಾಟವಾದುವು. ಹೊಳಪನ್ನು ಕಂಡು ಅವನ್ನು ದುಬಾರಿಗೆ ಕೊಳ್ಳುವವರುಂಟು. ಇನ್ನೊಂದು ಕಡೆ, 1941ರಲ್ಲಿ ಹೊರಬಂದ ಪಾಟೆಕ್ ಫಿಲಿಪ್ ಸಂಸ್ಥೆಯ 1518ನೆಯ ಮಾದರಿಯನ್ನು ನೋಡಿರಿ. ಅದರಲ್ಲಿ ಹೆಚ್ಚಿನವು ಚಿನ್ನದವೇ. ಆದರೆ 2016ರಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಸ್ವಿಸ್ ಫ್ರಾಂಕುಗಳನ್ನು ಮೀರಿ ಹೋದುದು ಬರಿಯ ಉಕ್ಕಿನದು! ಉಕ್ಕಿನವು ನಾಲ್ಕೇ ತಿಳಿದುಬಂದಿವೆ.

ಮನೆಯಲ್ಲಿ ಇಂತಹುದಿದ್ದರೆ ಮೊದಲು ಹಿಂಬದಿಯ ಮುಚ್ಚಳವನ್ನು ಬಲ್ಲವರಿಂದ ತೆಗೆಯಿಸಿರಿ. ಹಳೆಯ ಸ್ವಿಸ್ ಚಿನ್ನವಾದರೆ ಹದಿನೆಂಟು ಕ್ಯಾರೆಟ್ಟಿಗೆ ಹೆಲ್ವೇಷಿಯಾ ಎಂಬ ಸ್ತ್ರೀಯ ತಲೆಯ ಮುದ್ರೆಯಿರುವುದು. ಹೊಳಪು ಕೊಡಿಸಬೇಡಿರಿ, ಮುದ್ರೆಯೂ ಅಂಚುಗಳೂ ಸವೆದುಹೋಗುವುವು. ಮುಖಫಲಕಕ್ಕೆ ಹೊಸ ಬಣ್ಣವಂತೂ ಬೇಡವೇ ಬೇಡ. ಕಲೆಗಳಿದ್ದರೂ ಹಳೆಯದೇ ಇರಲಿ. ಮುಳ್ಳು ಓಡುತ್ತಿರುವಾಗ ಸೊನ್ನೆಗೆ ತರುವ ಗುಂಡಿಯನ್ನು ಒತ್ತಬಾರದು. ನಿಲ್ಲಿಸಿ ಒತ್ತಿದರೆ ಮುಳ್ಳು ನೆಟ್ಟಗೆ ಹನ್ನೆರಡಕ್ಕೆ ಬಂದು ನಿಲ್ಲಬೇಕು. ಅತ್ತಿತ್ತ ನಿಂತರೆ ರಿಪೇರಿ ಬೇಕೆಂದು ತಿಳಿಯಿರಿ. ಬಿಡಿಭಾಗಗಳು ದೊರೆಯುವುದು ಕಷ್ಟ. ಕೊಳ್ಳುವಾಗಲೇ ಆ ವೆಚ್ಚವನ್ನೂ ಎಣಿಸಿಕೊಳ್ಳಬೇಕು.

ನಮ್ಮ ಯಂತ್ರವು ಈಗಲೂ ಬೆಂಕಿಪೊಟ್ಟಣದಲ್ಲಿದೆ. ಹೊಂದುವ ಕವಚವನ್ನು ಹುಡುಕುತ್ತಿದ್ದೇವೆ, ಉಕ್ಕಿನದಾದರೂ ಆದೀತು.